ಸಾಕ್ಷ್ಯ ನಿಮ್ಮ ಕಾಲಡಿಯ ಕರಿಗಲ್ಲಿನಲ್ಲೇ ಇದೆ

ಪ್ರಶ್ನೆ: ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಅಂಚುಗಳು ಭೂಪಟದಲ್ಲಿ ಹೊಂದಿಕೊಳ್ಳುತ್ತವೆ ಎಂಬುದನ್ನು ಬಿಟ್ಟರೆ, ಖಂಡಗಳು ಸರಿದಿವೆ ಎನ್ನಲು ಬೇರೆ ಆಧಾರವೇನು? ಯಾರೂ ಕಣ್ಣಾರೆ ಕಂಡಿಲ್ಲವಲ್ಲ? (ಡೊಂಬಿವಲಿಯ ಓದುಗರು)

ಉತ್ತರ: ಮುಂಬೈ, ಪುಣೆಗಳ ಕನ್ನಡ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ಭೂಪಟದ ಅಂಚೊಂದೇ ಆಧಾರವೆಂಬ ಗ್ರಹಿಕೆಯನ್ನು ಹೊತ್ತೇ ಬರುತ್ತದೆ. ನನಗೆ ಬೇಸರವಾಗುವುದು ಈ ಕಾರಣಕ್ಕೆ: ಅತ್ಯಂತ ಗಟ್ಟಿ ಸಾಕ್ಷ್ಯಗಳಲ್ಲೊಂದು ಕೇಳುವವರ ಊರಿನಲ್ಲೇ ಇದೆ. ಅಂಧೇರಿಯ ಗಿಲ್ಬರ್ಟ್ ಹಿಲ್, ಘಾರಾಪುರಿಯ (ಎಲಿಫೆಂಟಾ) ಗುಹೆಗಳನ್ನು ಕೊರೆದ ಬಂಡೆ, ಖಂಡಾಳಾ ಘಾಟಿನ ಇಕ್ಕೆಲದಲ್ಲಿ ಪದರ ಪದರವಾಗಿ ಕಾಣುವ ಕರಿಗಲ್ಲು, ಇವೆಲ್ಲ ಸುಮಾರು 6ರಿಂದ 6.6 ಕೋಟಿ ವರ್ಷಗಳ ಹಿಂದಿನ ಲಾವಾ ಹೆಪ್ಪುಗಟ್ಟಿ ಆದವು. ಖಂಡಗಳು ಸರಿಯುತ್ತವೆಂದು ಜರ್ಮನ್ ವಿಜ್ಞಾನಿ ವೆಗೆನರ್ 1912ರಲ್ಲಿ ಮಂಡಿಸಿದ ವಾದವನ್ನು ಎಲ್ಲರೂ ಶಾಲೆಯಲ್ಲೇ ಓದಿರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಲಾವಾ ತಣಿಯುವಾಗ ಅದರೊಳಗಿನ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳು ಆ ಹೊತ್ತಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕಿಗೆ ಉತ್ತರ-ದಕ್ಷಿಣದ ಮುಖವಷ್ಟೇ ಅಲ್ಲದೆ ನತಿಯೂ ಇರುತ್ತದೆ, ಅಂದರೆ ಅದು ನೆಲಮಟ್ಟಕ್ಕೆ ಎಷ್ಟು ಓರೆಯಾಗಿದೆ ಎಂಬ ಕೋನ. ಸಮಭಾಜಕದ ಬಳಿ ನತಿ ಸೊನ್ನೆ, ಧ್ರುವದಲ್ಲಿ ನೇರ ಲಂಬ, ನಡುವಿನ ಪ್ರತಿಯೊಂದು ಅಕ್ಷಾಂಶಕ್ಕೂ ಅದರದೇ ಕೋನ. ಹೀಗಾಗಿ ಬಂಡೆಯೊಳಗಿನ ನತಿಯನ್ನು ಅಳೆದರೆ ಅದು ಹುಟ್ಟಿದ ಅಕ್ಷಾಂಶ ತಿಳಿಯುತ್ತದೆ.

ಅಳೆಯುವುದು ನಾಜೂಕಿನ ಕೆಲಸ. ಬಂಡೆ ತನ್ನ ಮೂಲಸ್ಥಾನದಲ್ಲಿ ಇರುವಾಗಲೇ, ನೀರು ಹಾಯಿಸುತ್ತ, ಒಂದು ಇಂಚು ವ್ಯಾಸದ ಕಲ್ಲಿನ ಉರುಳೆಯನ್ನು ಕೊರೆಯಬೇಕು. ಅದನ್ನು ಮುರಿದು ತೆಗೆಯುವ ಮೊದಲೇ ಸೂರ್ಯನ ನೆರಳಿನಿಂದ ದಿಕ್ಕನ್ನು ನಿಗದಿಮಾಡಿ ಅದರ ಮೇಲೆ ಗೆರೆ ಎಳೆಯಬೇಕು. ಆಮೇಲೆ ಪ್ರಯೋಗಾಲಯದಲ್ಲಿ ಹಂತಹಂತವಾಗಿ ಕಾಯಿಸಿ, ಹೊರಗಿನ ಕಾಂತಕ್ಷೇತ್ರ ತಾಗದಂತೆ ತಣಿಸಿ, ಕಾಲಾಂತರದಲ್ಲಿ ಮೆತ್ತಿಕೊಂಡ ಕಾಂತತ್ವವನ್ನು ಈರುಳ್ಳಿಯ ಸಿಪ್ಪೆ ಬಿಡಿಸಿದಂತೆ ಕಳೆದ ಮೇಲೆ ಮೂಲ ದಿಕ್ಕು ಸಿಗುತ್ತದೆ. ಸಿಂಹಗಡದ ಬಂಡೆಯ ಮೇಲೆ ಮೊಬೈಲ್ ಇಟ್ಟು, ಅದರ ದಿಕ್ಸೂಚಿ ತಿರುಗಿದ್ದನ್ನೇ ಖಂಡಚಲನೆಯ ಪುರಾವೆಯೆಂದು ವಿಡಿಯೋ ಕಳುಹಿಸುವವರು ದಯವಿಟ್ಟು ನಿಲ್ಲಿಸಬೇಕು. ಗುಡ್ಡದ ನೆತ್ತಿಯ ಬಸಾಲ್ಟ್, ಅಂದರೆ ಇದೇ ಕರಿಗಲ್ಲು, ಸಿಡಿಲು ಬಡಿದು ಬಲವಾದ ಕಾಂತವಾಗಿರುವುದುಂಟು. ಆ ತಿರುವಿಗೂ ಪ್ರಾಚೀನ ಅಕ್ಷಾಂಶಕ್ಕೂ ಸಂಬಂಧವಿಲ್ಲ.

1950ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಕ್ಲೆಗ್ ಮತ್ತು ಸಂಗಡಿಗರು ದಖ್ಖನ್ ಬಸಾಲ್ಟನ್ನು ಅಳೆದರು. ಮುಂದೆ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ನಡೆಯಿತು. ಇಂದು ಮುಂಬೈಯಲ್ಲಿ ಕಾಂತಸೂಜಿಯ ಉತ್ತರದ ತುದಿ ನೆಲದೊಳಕ್ಕೆ ಬಾಗುತ್ತದೆ; ಸಮಭಾಜಕದ ದಕ್ಷಿಣಕ್ಕೆ ಹೋದರೆ ಅದೇ ತುದಿ ಆಕಾಶದತ್ತ ಏರುತ್ತದೆ. ಮಹಾಬಳೇಶ್ವರದ ಮೇಲಿನ ಪದರಗಳಲ್ಲಿ ದಾಖಲಾದ ದಿಕ್ಕು ಉತ್ತರ-ವಾಯವ್ಯಕ್ಕೆ ಮುಖಮಾಡಿ, ಸುಮಾರು 45 ಡಿಗ್ರಿ ಆಕಾಶದತ್ತ ಏರುತ್ತದೆ. ಕೆಳಗಿನ ಪದರಗಳಲ್ಲಿ ಅದೇ ರೇಖೆ ತಲೆಕೆಳಗಾಗಿ, ದಕ್ಷಿಣ-ಆಗ್ನೇಯಕ್ಕೆ ಮುಖಮಾಡಿ ನೆಲದೊಳಕ್ಕೆ ಇಳಿಯುತ್ತದೆ, ಏಕೆಂದರೆ ಈ ಪದರಗಳು ಹರಿದ ನಡುವಿನ ಅವಧಿಯಲ್ಲಿ ಭೂಮಿಯ ಕಾಂತಧ್ರುವಗಳು ಅದಲುಬದಲಾದವು. ಇದನ್ನು ವಿರೋಧಾಭಾಸವೆಂದು ಎತ್ತಿ ತೋರಿಸುವವರು ಗಮನಿಸಬೇಕಾದದ್ದು, ಎರಡೂ ಪದರಗಳು ಕೊಡುವ ಉತ್ತರ ಒಂದೇ: ಈ ಲಾವಾ ಸಮಭಾಜಕದಿಂದ ಸುಮಾರು 30 ಡಿಗ್ರಿ ದಕ್ಷಿಣದಲ್ಲಿ ಹರಿಯಿತು. ಇಂದು ಮುಂಬೈ ಇರುವುದು 19 ಡಿಗ್ರಿ ಉತ್ತರದಲ್ಲಿ. ಅಂದಿನಿಂದ ಈ ನೆಲ 5,000 ಕಿಲೋಮೀಟರಿಗೂ ಹೆಚ್ಚು ದೂರ ಸರಿದಿದೆ, ಸರಿಯುತ್ತ ಎಡಕ್ಕೆ ತುಸು ತಿರುಗಿಯೂ ಇದೆ. ಖಂಡದ ಬದಲು ಧ್ರುವವೇ ಅಲೆದಾಡಿರಬಾರದೇಕೆ ಎಂದು ಕೇಳುವುದು ನ್ಯಾಯವೇ. ಹಾಗಾಗಿದ್ದರೆ ಅದೇ ಕಾಲದ ಯುರೋಪಿನ ಮತ್ತು ಅಮೆರಿಕದ ಬಂಡೆಗಳೂ ಧ್ರುವವನ್ನು ಅದೇ ಜಾಗದಲ್ಲಿ ತೋರಿಸಬೇಕಿತ್ತು; ಅವು ಬೇರೆಯೇ ಜಾಗ ತೋರಿಸುತ್ತವೆ.

ಇನ್ನೊಂದು ಸಾಕ್ಷ್ಯ ಅರಬ್ಬೀ ಸಮುದ್ರದ ತಳದ್ದು. ಬ್ರಿಟಿಷ್ ವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ, ಸಾಗರತಳ ಏಣಿನಿಂದ (ನೀರಿನಡಿಯ ಪರ್ವತಸಾಲಿನಿಂದ) ಇಬ್ಬದಿಗೂ ಹರಡುತ್ತ ಹೋಗುತ್ತದೆ ಎಂಬುದನ್ನು ಅಲ್ಲಿನ ಕಾಂತಪಟ್ಟಿಗಳಿಂದ, ಅಂದರೆ ಒಂದು ನೇರ, ಒಂದು ತಲೆಕೆಳಗಾದ ಕಾಂತದಿಕ್ಕಿನ ಬಂಡೆಪಟ್ಟಿಗಳಿಂದ, ವಿವರಿಸಿದಾಗ, ಅವರ ಕೈಯಲ್ಲಿದ್ದ ಮುಖ್ಯ ಅಳತೆ ನಮ್ಮ ಪಶ್ಚಿಮದ ಕಾರ್ಲ್ಸ್‌ಬರ್ಗ್ ಏಣಿನದು. ಇನ್ನು ಕಣ್ಣಾರೆ ಕಾಣುವ ಮಾತು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿರುವುದು ಉಪಗ್ರಹಗಳ ಅಳತೆಯಲ್ಲಿ ನಿರಂತರ ದಾಖಲಾಗುತ್ತಿದೆ.

ಪ್ರಶ್ನೆ: ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತೆನ್ನುವುದು ನಿಜವೇ? (ಮಡಗಾಂವ್)

ಉತ್ತರ: ನಿಜ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅದು ಬೇರ್ಪಟ್ಟಿತು; ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳು ಆ ಸೀಳಿನ ಕಾಲದ ಜ್ವಾಲಾಮುಖಿ ಶಿಲೆ. ಅವು ದಖ್ಖನ್ ಲಾವಾಕ್ಕಿಂತ ಎರಡು ಕೋಟಿ ವರ್ಷ ಹಳೆಯವು, ಎರಡನ್ನೂ ಒಂದೇ ಎನ್ನುವ ಪ್ರವಾಸಿ ಬರಹಗಳನ್ನು ನಂಬಬೇಡಿ.

ಪ್ರಶ್ನೆ: ಖಂಡಗಳು ಸಮುದ್ರದ ನೀರಿನ ಮೇಲೆ ತೇಲುತ್ತಿವೆಯೇ? (ವಾಸ್ಕೋ)

ಉತ್ತರ: ಇಲ್ಲ. ಸಮುದ್ರದ ಕೆಳಗಿರುವುದೂ ಬಂಡೆಯೇ.

ಪ್ರಶ್ನೆ: ಕೊಯ್ನಾ ಎರಡು ಫಲಕಗಳ ಗಡಿಯಲ್ಲಿದೆಯೇ? (ಪಿಂಪ್ರಿ)

ಉತ್ತರ: ಅಲ್ಲ. ಫಲಕವೆಂದರೆ ಖಂಡವನ್ನೂ ಸಾಗರತಳವನ್ನೂ ಹೊತ್ತು ಸರಿಯುವ ಬಂಡೆಯ ಹೊರಚಿಪ್ಪಿನ ತುಂಡು; ಕೊಯ್ನಾ ಅದರ ಒಳಭಾಗದಲ್ಲಿದೆ. 1967ರ ಡಿಸೆಂಬರ್ 11ರ ಭೂಕಂಪಕ್ಕೆ ಅಲ್ಲಿನ ಜಲಾಶಯದ ನೀರು ಪ್ರಚೋದನೆಯಾಯಿತೆಂದು ಭೂಕಂಪಶಾಸ್ತ್ರಜ್ಞರು ತಿಳಿಯುತ್ತಾರೆ.

ಪ್ರಶ್ನೆ: ಗ್ರಹಕೂಟದಿಂದ ಫಲಕ ಜಾರಿ ಮುಂಬೈ ಮುಳುಗುವ ದಿನಾಂಕವನ್ನು ಒಬ್ಬರು ಹೇಳಿದ್ದಾರೆ, ಉಂಗುರವನ್ನೂ ಕೊಡುತ್ತಾರೆ. ಕೊಳ್ಳಬೇಕೇ? (ಠಾಣೆ)

ಉತ್ತರ: ಕೊಳ್ಳಬೇಡಿ, ಆ ಸಂದೇಶವನ್ನು ಯಾರಿಗೂ ಕಳುಹಿಸಲೂ ಬೇಡಿ. ಭೂಕಂಪದ ದಿನಾಂಕ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಜನರ ಭಯವನ್ನು ಮಾರುವವರ ಮೇಲೆ ನನಗೆ ಸಹನೆಯಿಲ್ಲ. 1993ರ ಸೆಪ್ಟೆಂಬರ್ 30ರಂದು ಲಾತೂರು ಜಿಲ್ಲೆಯ ಕಿಲ್ಲಾರಿಯ ಭೂಕಂಪದಲ್ಲಿ ಅಷ್ಟೊಂದು ಜನ ಸತ್ತದ್ದು ಬಹುಪಾಲು ಮಣ್ಣು-ಕಲ್ಲಿನ ಗೋಡೆಗಳ ಅಡಿಯಲ್ಲಿ. ನಿಮ್ಮ ಕಟ್ಟಡಕ್ಕೆ 30 ವರ್ಷ ದಾಟಿದ್ದರೆ, ಉಂಗುರದ ಹಣವನ್ನು ಸೊಸೈಟಿಗೆ ಕೊಟ್ಟು, ಪರವಾನಗಿಯುಳ್ಳ ಸ್ಟ್ರಕ್ಚರಲ್ ಎಂಜಿನಿಯರರಿಂದ ಕಟ್ಟಡದ ಆಡಿಟ್ ಮಾಡಿಸಿ ಮತ್ತು ವರದಿಯನ್ನು ನೀವೇ ಓದಿ.