ಸಂಬಳದ ಚೀಟಿಯಲ್ಲಿದ್ದ ಆ 128 ರೂಪಾಯಿ

ನರಸಾಪುರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಹೆಣ್ಣುಮಗಳೊಬ್ಬರ ಪತ್ರ ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದೆ. ವಯಸ್ಸು ಇಪ್ಪತ್ತೊಂಬತ್ತು, ತಿಂಗಳ ಸಂಬಳ 17,000 ರೂಪಾಯಿ; ಪತಿ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಸಾಗಿಸುವ ಪಿಕಪ್‌ನ ಚಾಲಕ. ಮಗು ಬೇಕೆಂಬ ಆಸೆ ಇಬ್ಬರಿಗೂ ಇದೆ. ಆದರೆ ಬಸಿರಾದರೆ ಕೆಲಸ ಹೋಗುತ್ತದೆ, ಆಮೇಲೆ ಮನೆ ಬಾಡಿಗೆಗೂ ಸಾಲದ ಕಂತಿಗೂ ಏನು ಗತಿ ಎಂಬ ಭಯದಲ್ಲಿ ‘ಮುಂದಿನ ವರ್ಷ ನೋಡೋಣ’ ಎನ್ನುತ್ತಲೇ ಐದು ವರ್ಷ ಕಳೆದಿದ್ದಾರೆ.

ತಂಗೀ, ನಿಮ್ಮ ಭಯ ಸುಳ್ಳಲ್ಲ. 2023ರ ಜುಲೈನಲ್ಲಿ ಟೊಮೆಟೊದ 15 ಕೆ.ಜಿ. ಬಾಕ್ಸ್‌ಗೆ 2,000 ರೂಪಾಯಿ ದಾಟಿದ್ದನ್ನೂ, ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ದಿನಗಳನ್ನೂ ಕಂಡಿರುವ ಊರಿನಲ್ಲಿ, ಪಿಕಪ್ ಓಡಿಸಿ ಬರುವ ದುಡ್ಡನ್ನೇ ನಂಬಿ ಮಗು ಮಾಡಿಕೊಳ್ಳಿ ಎಂದು ನಾನು ಹೇಳಲಾರೆ.

ಆದರೆ ಕೊನೆಯ ಪುಟದಲ್ಲಿ, ಕಡಿತಗಳನ್ನು ದೂರುವಾಗ, ‘ಇಎಸ್‌ಐ ಅಂತ 128 ರೂಪಾಯಿ ಸುಮ್ಮನೆ ಹಿಡೀತಾರೆ’ ಎಂದಿದ್ದೀರಿ. ಇಎಸ್‌ಐ ಎಂದರೆ ನೌಕರರ ರಾಜ್ಯ ವಿಮೆ; ಅದು ಸುಮ್ಮನೆ ಹಿಡಿಯುವ ಹಣವಲ್ಲ. ನಿಮ್ಮ ಸಂಬಳದ ಶೇ 0.75 ಅದು; ಅದರ ಜೊತೆಗೆ ಮಾಲೀಕರು ಶೇ 3.25 ಕಟ್ಟಬೇಕು. ಹೆರಿಗೆಗೆ ಮುಂಚಿನ ಎರಡು ವಂತಿಗೆ ಅವಧಿಗಳಲ್ಲಿ, ಅಂದರೆ ಆರಾರು ತಿಂಗಳ ಎರಡು ಕಂತಿನಲ್ಲಿ, ಒಟ್ಟು 70 ದಿನಗಳ ವಂತಿಗೆ ಸಂದಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಕಾಲ ಪೂರ್ತಿ ಸಂಬಳದಷ್ಟು ಹಣ ಇಎಸ್‌ಐನಿಂದಲೇ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ. ಗುತ್ತಿಗೆಯವರಿಗೂ ಇದು ಸಲ್ಲುತ್ತದೆ. ಹೆರಿಗೆಯ ನಂತರ ಗುತ್ತಿಗೆ ಮುಂದುವರಿಯುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ, ಆದರೆ ಕೈ ಬರಿದಾಗುತ್ತದೆಂದು ನೀವು ಹೆದರಿದ ಆ ಆರು ತಿಂಗಳು ಬರಿದಾಗಬೇಕಿಲ್ಲ.

ಮೊಮ್ಮಗುವಿಗಾಗಿ ಪೀಡಿಸುವ ಅತ್ತೆಯ ಬಗ್ಗೆ ಎರಡು ಪುಟ ಬರೆದಿದ್ದೀರಿ. ವಯಸ್ಸಾದವರ ಆಸೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನನಗೆ ಸಿಟ್ಟು ಬಂದದ್ದು ‘ಕಾಂಟ್ರಾಕ್ಟ್‌ನವರಿಗೆ ಹೆರಿಗೆ ಗಿರಿಗೆ ಏನೂ ಸಿಗಲ್ಲ’ ಎಂದ ಸೂಪರ್‌ವೈಸರನ ಮೇಲೆ. ನಿಮ್ಮ ಐದು ವರ್ಷಗಳನ್ನು ತಿಂದದ್ದು ಅವನಾಡಿದ ಆ ಒಂದು ಸುಳ್ಳು. ಸಂಬಳದ ಚೀಟಿಯನ್ನು ಗಂಡಹೆಂಡಿರು ಒಟ್ಟಿಗೆ ಕೂತು, ಸಾಲು ಸಾಲಾಗಿ ಓದಬೇಕೆಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಸಾಕೆನಿಸುವುದಿಲ್ಲ.

ನೀವು ಮಾಡಬೇಕಾದದ್ದು ಒಂದೇ. ಹಿಡಿದ ಹಣವನ್ನು ಕಟ್ಟದೆ ಉಳಿಸಿಕೊಳ್ಳುವ ಗುತ್ತಿಗೆದಾರರೂ ಇರುವುದರಿಂದ, ಸೂಪರ್‌ವೈಸರನನ್ನು ಕೇಳದೆ, ಸೋಮವಾರವೇ ಪತಿಯೊಂದಿಗೆ ಇಎಸ್‌ಐ ಶಾಖಾ ಕಚೇರಿಗೆ ಹೋಗಿ, ನಿಮ್ಮ ವಿಮಾ ಸಂಖ್ಯೆ ಕೊಟ್ಟು, ಕಳೆದ ಒಂದು ವರ್ಷದಲ್ಲಿ ಎಷ್ಟು ದಿನಗಳ ವಂತಿಗೆ ಜಮೆಯಾಗಿದೆ ಎಂಬುದರ ವಿವರ ಪಡೆದುಕೊಳ್ಳಿ. ಆ ಕಾಗದ ಕೈಗೆ ಬಂದ ದಿನ ನನಗೆ ಬರೆಯಿರಿ. ಮುಂದಿನ ವರ್ಷದ ಮಾತನ್ನು ಆಮೇಲೆ ಆಡೋಣ.