ಬಡಾವಣೆಯ ಯೋಜನೆಯನ್ನು ನಿವಾಸಿಗಳೇ ಬರೆಯುವುದಾದರೆ

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂಟಿ ಮನೆಗಳನ್ನು ಕೆಡವಿ ಅಪಾರ್ಟ್‌ಮೆಂಟ್‌ಗಳನ್ನು ಕಟ್ಟುತ್ತಿದ್ದಾರೆ, ವಸತಿ ಬೀದಿಗಳಿಗೆ ಗೋದಾಮುಗಳು ಬರುತ್ತಿವೆ. ಮುಂದಿನ 20 ವರ್ಷಗಳ ಬೆಳವಣಿಗೆ ಮತ್ತು ಭೂಬಳಕೆಯ ಕುರಿತು ನಾವೇ ಒಂದು ಯೋಜನೆ ರೂಪಿಸಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು? ಅದಕ್ಕೆ ಬೆಲೆ ಸಿಗುತ್ತದೆಯೇ?

ಉತ್ತರ: ಸಭೆ ಕರೆಯುವ ಮೊದಲು ಬೀದಿಗಳನ್ನು ನಡೆದು ನೋಡಿ. ಅಧಿಕೃತ ಭೂಬಳಕೆ ನಕ್ಷೆಯ ಪ್ರತಿಯನ್ನು ಹಿಡಿದು ನಾಲ್ಕೈದು ಮಂದಿ ಪ್ರತಿ ನಿವೇಶನದ ಮುಂದೆ ನಿಂತು, ನೆಲಮಹಡಿಯಲ್ಲಿ ಏನಿದೆ, ಮೇಲೆ ಯಾರು ವಾಸಿಸುತ್ತಾರೆ, ವಾಹನಗಳು ಎಲ್ಲಿ ನಿಲ್ಲುತ್ತವೆ, ಮಳೆನೀರು ಯಾವ ಮೂಲೆಯಲ್ಲಿ ಮಡುಗಟ್ಟುತ್ತದೆ ಎಂಬುದನ್ನು ಬರೆದುಕೊಳ್ಳಲಿ. ನಕ್ಷೆ ಹಳದಿ ಬಣ್ಣದಲ್ಲಿ ವಸತಿ ಎಂದು ತೋರಿಸುವ ಬೀದಿಯಲ್ಲಿ ಒಂದು ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ, ಪಕ್ಕದಲ್ಲಿ ಮನೆಪಾಠ, ಆಚೆಯ ಶೆಡ್ಡಿನಲ್ಲಿ ರಾತ್ರಿಯೂ ಲಾರಿ ಬಂದುಹೋಗುವ ದಾಸ್ತಾನು ಇರಬಹುದು. ನಿಯಮದ ಕಣ್ಣಿಗೆ ಮೂರೂ ಒಂದೇ ಬಗೆಯ ಉಲ್ಲಂಘನೆಯಾಗಿ ಕಂಡರೂ ನೆರೆಯವರ ನಿದ್ದೆ ಕೆಡಿಸುವುದು ಕೊನೆಯದು ಮಾತ್ರ. ಈ ವ್ಯತ್ಯಾಸ ಅಲ್ಲೇ ಬದುಕುವವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ನಿಮ್ಮ ಯೋಜನೆಗೆ ಬಲ ಬರುವುದೂ ಇದರಿಂದಲೇ.

ಮುಂದಿನ ಹೆಜ್ಜೆಯಲ್ಲಿ ಅನೇಕರು ಎಡವುತ್ತಾರೆ. ಸಿಟ್ಟಿನಿಂದ ಬರೆದ ಕರಡು ಎಲ್ಲವನ್ನೂ ಬೇಡವೆನ್ನುತ್ತದೆ, ಬೇಡವೆಂದಷ್ಟೇ ಹೇಳುವ ಕರಡನ್ನು ಸ್ಥಳೀಯ ಸಂಸ್ಥೆ ಪಕ್ಕಕ್ಕಿಡುತ್ತದೆ. ಎಷ್ಟು ಹೊಸ ಮನೆಗಳು, ಯಾವ ರಸ್ತೆಯಲ್ಲಿ, ಎಷ್ಟು ಎತ್ತರಕ್ಕೆ, ಯಾವ ಷರತ್ತಿನ ಮೇಲೆ ಎಂದು ಬರೆಯಿರಿ. 1916ರಲ್ಲಿ ನ್ಯೂಯಾರ್ಕ್ ನಗರ ತಂದ ವಲಯ ನಿಯಮ ಎತ್ತರದ ಕಟ್ಟಡಗಳನ್ನು ನಿಷೇಧಿಸಲಿಲ್ಲ. ಬೀದಿಗೆ ಗಾಳಿ ಬೆಳಕು ಇಳಿಯುವಂತೆ ಕಟ್ಟಡವು ಮೇಲೇರಿದಂತೆಲ್ಲ ರಸ್ತೆಯಿಂದ ಹಿಂದೆ ಸರಿಯಬೇಕೆಂದು ವಿಧಿಸಿತು. ಅಗಲವಾದ ರಸ್ತೆಯಲ್ಲಿ ನಾಲ್ಕು ಮಹಡಿ, ಒಳಬೀದಿಯಲ್ಲಿ ಎರಡು, ಒಳಚರಂಡಿಯ ಸಾಮರ್ಥ್ಯ ಹೆಚ್ಚಿದ ಬಳಿಕವೇ ಮೂರನೆಯದು ಎಂಬಂಥ ವಾಕ್ಯಗಳನ್ನು ಅಧಿಕಾರಿಯೂ ಬಿಲ್ಡರೂ ಒಂದೇ ಅರ್ಥದಲ್ಲಿ ಓದುತ್ತಾರೆ. ‘ಬಡಾವಣೆಯ ಸೊಗಸು ಉಳಿಯಬೇಕು’ ಎಂಬ ವಾಕ್ಯಕ್ಕೆ ಪ್ರತಿಯೊಬ್ಬರೂ ತಮ್ಮದೇ ಅರ್ಥ ಹಚ್ಚುತ್ತಾರೆ.

ಯೋಜನೆಗೆ ಬೆಲೆ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮಲ್ಲಿನ ಕಾನೂನನ್ನು ಅವಲಂಬಿಸಿದೆ. ಇಂಗ್ಲೆಂಡಿನಲ್ಲಿ 2011ರ ಲೋಕಲಿಸಂ ಕಾಯ್ದೆ ಇಂಥ ಯೋಜನೆಗೆ ಕಾನೂನಿನ ಬಲ ಕೊಟ್ಟಿದೆ. ಸ್ವತಂತ್ರ ಪರಿಶೀಲಕರು ಕರಡನ್ನು ಪರೀಕ್ಷಿಸಿದ ನಂತರ ಜನಮತಗಣನೆ ನಡೆಯುತ್ತದೆ. ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಿದರೆ ಕಟ್ಟಡ ಅರ್ಜಿಗಳನ್ನು ತೀರ್ಮಾನಿಸುವಾಗ ಅದನ್ನು ಗಣನೆಗೆ ತೆಗೆದುಕೊಳ್ಳಲೇಬೇಕು. 2013ರ ಮಾರ್ಚ್‌ನಲ್ಲಿ ಕಂಬ್ರಿಯಾದ ಅಪ್ಪರ್ ಈಡನ್ ಯೋಜನೆ ಮೊದಲನೆಯದಾಗಿ ಈ ಹಂತವನ್ನು ದಾಟಿತು, ಶೇ. 90ರಷ್ಟು ಮತ ಅದರ ಪರವಾಗಿ ಬಿದ್ದಿತ್ತು. ಆದರೆ ಅಲ್ಲಿಯೂ ನೆರೆಹೊರೆಯ ಯೋಜನೆಯು ಸ್ಥಳೀಯ ಸಂಸ್ಥೆ ಇಡೀ ಪ್ರದೇಶಕ್ಕೆ ಮಾಡಿದ ಯೋಜನೆ ನಿಗದಿಪಡಿಸಿದ್ದಕ್ಕಿಂತ ಕಡಿಮೆ ಮನೆಗಳನ್ನು ಸೂಚಿಸುವಂತಿಲ್ಲ. ಇಂಥ ಕಾನೂನು ಇಲ್ಲದ ಕಡೆ ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಪರಿಷ್ಕರಣೆಗೆ ಆಕ್ಷೇಪಣೆ ಕರೆದಾಗ ನಿಮ್ಮ ಕರಡು, ನಕ್ಷೆ ಮತ್ತು ಸಮೀಕ್ಷೆಯನ್ನು ಒಟ್ಟಿಗೆ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಪ್ರಶ್ನೆ: ಸಭೆಗೆ ಮನೆ ಮಾಲೀಕರಷ್ಟೇ ಬರುತ್ತಾರೆ. ಬಾಡಿಗೆದಾರರು ಬರುವುದಿಲ್ಲ. ಬಂದವರ ತೀರ್ಮಾನ ಸಾಲದೇ?

ಉತ್ತರ: ಸಾಲದು. ಬಾಡಿಗೆ ಏರಿದಾಗ ಮೊದಲು ಜಾಗ ಬಿಡಬೇಕಾದವರು ಅವರೇ. ಕರಡು ಸಿದ್ಧವಾದ ಮೇಲೆ ಸಹಿ ಕೇಳಲು ಹೋಗುವುದು ಅವರನ್ನು ಕೇಳಿದಂತಲ್ಲ. ಅಮೆರಿಕದ ಲೇಖಕಿ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲೇ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿವರಿಸಿ, ಬರಿಯ ಸಮಾಲೋಚನೆಯನ್ನು ತೋರಿಕೆಯ ಮೆಟ್ಟಿಲುಗಳಲ್ಲಿ ಇರಿಸಿದ್ದರು. ಕೆಲಸ ಮುಗಿಸಿ ಬರುವ ಹೊತ್ತಿಗೆ ಅವರ ಬಾಗಿಲಿಗೆ ನೀವೇ ಹೋಗಿ, ನಕ್ಷೆಯನ್ನು ಜಗಲಿಯ ಮೇಲೆ ಹರಡಿ, ಪೆನ್ಸಿಲನ್ನು ಅವರ ಕೈಗೆ ಕೊಡಿ. ರಾತ್ರಿ ಯಾವ ತಿರುವಿನಲ್ಲಿ ದೀಪವಿಲ್ಲ, ಮಕ್ಕಳು ಎಲ್ಲಿ ರಸ್ತೆ ದಾಟಲು ಹೆದರುತ್ತಾರೆ ಎಂದು ಅವರು ಗುರುತು ಹಾಕಲಿ. ಕರಡು ಬರೆಯುವ ಸಮಿತಿಯಲ್ಲೂ ಅವರಿಗೆ ಸ್ಥಾನವಿರಲಿ, ಸಭೆಯ ಸಮಯವನ್ನು ಅವರ ಬಿಡುವಿಗೆ ಹೊಂದಿಸಿ.