ಸಿಗ್ನಲ್‌ನಲ್ಲಿ ನಿಂತರೆ ನಡುಗುವ ಡೀಸೆಲ್ ಕಾರು

ಪ್ರಶ್ನೆ: ನನ್ನದು 2017ರ ಕೊನೆಯಲ್ಲಿ ತಗೊಂಡ ಡೀಸೆಲ್ ಕಾರು, 1.3 ಲೀಟರ್ ಎಂಜಿನ್. 86 ಸಾವಿರ ಕಿಲೋಮೀಟರ್ ಓಡಿದೆ. ಈಚೆಗೆ ನ್ಯೂಟ್ರಲ್‌ನಲ್ಲಿ ನಿಂತರೆ ಸಾಕು, ಗಡಗಡ ನಡುಗುತ್ತದೆ. ಎಸಿ ಹಾಕಿದರೆ ಇನ್ನೂ ಜಾಸ್ತಿ. ಹಂಪ್ ಹತ್ತಿರ ನಿಧಾನ ಮಾಡಿದಾಗ ಒಂದೆರಡು ಸಲ ಆಫ್ ಆಗಿಯೇ ಹೋಯಿತು. ಆಕ್ಸಿಲರೇಟರ್ ಒತ್ತಿದರೆ ನಡುಕ ನಿಲ್ಲುತ್ತದೆ, ಆದರೆ ಹಿಂದೆ ಕಪ್ಪು ಹೊಗೆ. ಚೆಕ್ ಎಂಜಿನ್ ದೀಪವೂ ಬಂದಿದೆ. ದಿನಾ ಓಡಿಸುವುದು ಮನೆಯಿಂದ ಮಗಳ ಶಾಲೆ, ಅಲ್ಲಿಂದ ತೋಟ, ಅಷ್ಟೇ. ಒಬ್ಬ ಮೆಕ್ಯಾನಿಕ್ ನಾಲ್ಕೂ ಇಂಜೆಕ್ಟರ್ ಬದಲಾಯಿಸಬೇಕು ಅಂದರು. ಇನ್ನೊಬ್ಬರು ‘ಇಜಿಆರ್ ಬ್ಲಾಕ್ ಮಾಡಿಕೊಡ್ತೀನಿ, ಅರ್ಧ ಗಂಟೆ ಕೆಲಸ’ ಅಂದರು. ಯಾರ ಮಾತು ಕೇಳಲಿ?
– ಓದುಗರೊಬ್ಬರು, ತಿಪಟೂರು

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಇಬ್ಬರೂ ಪರೀಕ್ಷೆ ಮಾಡದೆ ತೀರ್ಪು ಕೊಟ್ಟಿದ್ದಾರೆ. ನೀವು ಬರೆದಿರುವುದನ್ನು ಓದಿದರೆ ನನಗೂ ಇಜಿಆರ್ (ಹೊಗೆಯನ್ನು ವಾಪಸ್ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ) ಮೇಲೆಯೇ ಅನುಮಾನ. ಆದರೆ ಅನುಮಾನದ ಮೇಲೆ ಪಾರ್ಟ್ಸ್ ಬದಲಾಯಿಸುವುದು ನಿಮ್ಮ ದುಡ್ಡಿಗೆ ಮಾಡುವ ಅನ್ಯಾಯ.

ಮೊದಲು ಈ ಇಜಿಆರ್ ಏನು ಮಾಡುತ್ತದೆ ಅಂತ ತಿಳಿದಿರಲಿ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್. ಸಿಲಿಂಡರಿನ ಒಳಗೆ ಬಿಸಿ ತುಂಬಾ ಏರಿದಾಗ ಇದು ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಎದೆಗೆ ಕೆಟ್ಟದ್ದು. ಅದಕ್ಕೆ ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ವಾಪಸ್ ಎಂಜಿನ್ನಿಗೇ ಕಳಿಸುತ್ತಾರೆ. ಆ ಹೊಗೆಯಲ್ಲಿ ಆಕ್ಸಿಜನ್ ಕಮ್ಮಿ, ಹಾಗಾಗಿ ಒಳಗಿನ ಬಿಸಿಯೂ ಇಳಿಯುತ್ತದೆ. ಎಷ್ಟು ಹೊಗೆ ಒಳಗೆ ಬಿಡಬೇಕು ಅಂತ ನೋಡಿಕೊಳ್ಳುವ ಬಾಗಿಲೇ ಇಜಿಆರ್ ವಾಲ್ವ್.

ತೊಂದರೆ ಏನೆಂದರೆ, ಡೀಸೆಲ್ ಹೊಗೆಯಲ್ಲಿ ಮಸಿ ಇರುತ್ತದೆ. ಅದಕ್ಕೆ ಎಂಜಿನ್ ಆಯಿಲಿನ ಆವಿಯೂ ಸೇರಿದರೆ ಸೌದೆ ಒಲೆ ಮೇಲಿನ ಹೊಗೆಗೂಡಿನ ಹಾಗೆ ಒಳಗೆಲ್ಲ ಅಂಟು ಮಸಿ ಕಟ್ಟುತ್ತದೆ. ನಿಮ್ಮ ಹಾಗೆ ಮೂರ್ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಕಾರಿನಲ್ಲಿ ಇದು ಬೇಗ ಆಗುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲವಲ್ಲ! ಕೊನೆಗೊಂದು ದಿನ ವಾಲ್ವ್ ಮುಚ್ಚಲಾಗದೆ ಅರ್ಧ ತೆರೆದೇ ನಿಂತುಬಿಡುತ್ತದೆ.

ಆಗ ನಿಂತಾಗ ಮಾತ್ರ ಯಾಕೆ ನಡುಗುತ್ತದೆ? ಡೀಸೆಲ್ ಎಂಜಿನ್ನಿನಲ್ಲಿ ಐಡ್ಲಿಂಗ್‌ನಲ್ಲೂ ಸ್ವಲ್ಪ ಹೊಗೆ ಒಳಗೆ ಹೋಗುವುದು ಮಾಮೂಲು. ಅದು ಅಳತೆ ಮೀರಿದರೆ ಒಳಗೆ ಉರಿಯುವುದಕ್ಕೆ ಒಳ್ಳೆ ಗಾಳಿ ಸಾಲುವುದಿಲ್ಲ. ಒಂದು ಸಿಲಿಂಡರು ಸರಿಯಾಗಿ ಉರಿಯುತ್ತದೆ, ಇನ್ನೊಂದು ಮಿಸ್ ಹೊಡೆಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಗಾಳಿ ಜಾಸ್ತಿ ಬರುವುದರಿಂದ ನಡುಕ ನಿಲ್ಲುತ್ತದೆ. ಆದರೆ ಜೋರಾಗಿ ಒತ್ತಿದಾಗ ಪೂರ್ತಿ ಮುಚ್ಚಬೇಕಾದ ವಾಲ್ವ್ ಮುಚ್ಚಿರುವುದಿಲ್ಲ. ಹಾಕಿದ ಡೀಸೆಲ್ಲಿಗೆ ಗಾಳಿ ಸಾಲದೆ ಕಪ್ಪು ಹೊಗೆ ಬರುತ್ತದೆ.

ಈಗ ಪರೀಕ್ಷೆಗೆ ಬರೋಣ. ಒಂದನ್ನು ನೀವೇ ಮಾಡಬಹುದು. ಎಂಜಿನ್ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಆರ್‌ಪಿಎಂ ಮುಳ್ಳನ್ನೇ ನೋಡಿ. ಕಾರು ನಡುಗುತ್ತಿದ್ದರೂ ಮುಳ್ಳು ಅಲ್ಲಾಡದೆ ನಿಂತಿದ್ದರೆ ಎಂಜಿನ್ನನ್ನು ಹಿಡಿದು ನಿಲ್ಲಿಸುವ ರಬ್ಬರ್ ಮೌಂಟಿಂಗ್ ಹೋಗಿರಬಹುದು, ಅದರ ದಾರಿಯೇ ಬೇರೆ. ಮುಳ್ಳೂ ಮೇಲೆ ಕೆಳಗೆ ಆಡುತ್ತಿದ್ದರೆ ಎಂಜಿನ್ನಿನ ಉರಿಯಲ್ಲೇ ದೋಷ. ಹಾಗೇ ಏರ್ ಫಿಲ್ಟರ್ ತೆಗೆದು ನೋಡಿ. ತೋಟದ ಮಣ್ಣುದಾರಿಯಲ್ಲಿ ಓಡುವ ಗಾಡಿಗೆ ಇದು ಬೇಗ ಕಟ್ಟುತ್ತದೆ, ಕಪ್ಪು ಹೊಗೆಗೆ ಅದೂ ಕಾರಣ.

ಮುಂದಿನದು ಗ್ಯಾರೇಜಿನ ಕೆಲಸ, ನೀವು ಪಕ್ಕದಲ್ಲೇ ನಿಂತು ಮಾಡಿಸಿ. ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ ಪಿ0401 ಬಂದರೆ ಹೊಗೆ ಕಮ್ಮಿ ಹೋಗುತ್ತಿದೆ ಎಂದರ್ಥ, ಪಿ0402 ಬಂದರೆ ಜಾಸ್ತಿ ಹೋಗುತ್ತಿದೆ. ಕೋಡ್ ಓದಿ ಅಲ್ಲಿಗೇ ನಿಲ್ಲಿಸುವವರು ಬಹಳ ಜನ. ಎಂಜಿನ್ ಓಡುತ್ತಿರುವಾಗಲೇ ಬರುವ ಲೆಕ್ಕ, ಅಂದರೆ ಲೈವ್ ಡೇಟಾ ತೆಗೆಸಿ. ವಾಲ್ವ್‌ಗೆ ‘ಮುಚ್ಚು’ ಅಂತ ಕಂಪ್ಯೂಟರ್ ಹೇಳಿದಾಗ ಅದು ನಿಜವಾಗಿ ಎಲ್ಲಿ ನಿಂತಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಸೊನ್ನೆಗೆ ಬರಬೇಕಾದದ್ದು ಇಪ್ಪತ್ತರಲ್ಲೇ ನಿಂತಿದ್ದರೆ ಕಳ್ಳ ಸಿಕ್ಕಿದ ಹಾಗೆ. ಅದರ ಜೊತೆಗೆ ಏರ್‌ಫ್ಲೋ ಸೆನ್ಸರ್ ತೋರಿಸುವ ಗಾಳಿಯ ಲೆಕ್ಕವನ್ನೂ ನೋಡಿಸಿ. ವಾಲ್ವ್ ಮುಚ್ಚಿಸಿದಾಗ ಹೊಸ ಗಾಳಿ ಏರಬೇಕು, ತೆರೆಸಿದಾಗ ಇಳಿಯಬೇಕು. ಏನೇ ಹೇಳಿದರೂ ಗಾಳಿ ಇದ್ದಲ್ಲೇ ಇದ್ದರೆ ವಾಲ್ವ್ ಅಲ್ಲಾಡುತ್ತಿಲ್ಲ, ಇಲ್ಲವೇ ದಾರಿ ಮಸಿಯಿಂದ ಮುಚ್ಚಿಹೋಗಿದೆ.

ಇನ್ನೂ ಅನುಮಾನ ಉಳಿದರೆ ನಾನು ಹೀಗೆ ಮಾಡುತ್ತೇನೆ. ಇಜಿಆರ್ ಗ್ಯಾಸ್ಕೆಟ್ ಜಾಗದಲ್ಲಿ ತೆಳು ತಗಡು ಕೂರಿಸಿ ಎಂಜಿನ್ ಸ್ಟಾರ್ಟ್ ಮಾಡಿ ನೋಡುತ್ತೇನೆ. ನಡುಕ ನಿಂತರೆ ಇಜಿಆರೇ ಕಾರಣ. ನಿಲ್ಲದಿದ್ದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕಡೆ ಹೋಗುತ್ತೇನೆ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪನ್ನು (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪು) ನಾಲ್ಕು ಬಾಟಲಿಗೆ ಬಿಟ್ಟರೆ ಯಾವುದರಲ್ಲಿ ಡೀಸೆಲ್ ಹೆಚ್ಚು ತುಂಬುತ್ತದೋ ಅದು ಒಳಗೆ ಸೋರುತ್ತಿದೆ. ಅದೊಂದನ್ನೇ ರಿಪೇರಿ ಮಾಡಿಸಿದರಾಯಿತು. ಈ ಪರೀಕ್ಷೆ ಮಾಡದೆ ನಾಲ್ಕನ್ನೂ ಬದಲಾಯಿಸಿ ಅನ್ನುವವರಿಗೆ ಕಾರು ಬಿಟ್ಟು ಬರಬೇಡಿ.

ಆ ತಗಡು ಪರೀಕ್ಷೆಗೆ ಮಾತ್ರ. ಅದನ್ನು ಅಲ್ಲೇ ಬಿಟ್ಟು ಬೋಲ್ಟು ಬಿಗಿಯುವುದನ್ನೇ ‘ಬ್ಲಾಕ್ ಮಾಡುವುದು’ ಅನ್ನುತ್ತಾರೆ. ಇದನ್ನು ಮಾಡಿಸಿದವರು ಖುಷಿಯಾಗಿಯೇ ಇರುತ್ತಾರೆ. ಪಿಕಪ್ ಚೆನ್ನಾಗಿ ಬರುತ್ತದೆ, ಹೊಗೆ ಕಮ್ಮಿಯಾಗುತ್ತದೆ, ಪಿಯುಸಿ ಅನ್ನುವ ಹೊಗೆ ತಪಾಸಣೆಯೂ ಪಾಸ್. ಯಾಕೆಂದರೆ ಡೀಸೆಲ್ ಗಾಡಿಗೆ ಪಿಯುಸಿಯಲ್ಲಿ ಅಳೆಯುವುದು ಹೊಗೆ ಎಷ್ಟು ದಟ್ಟ ಅನ್ನುವುದನ್ನು. ನೈಟ್ರೋಜನ್ ಆಕ್ಸೈಡನ್ನು ಅಲ್ಲಿ ಅಳೆಯುವುದೇ ಇಲ್ಲ. ನಿಮ್ಮದು ಬಿಎಸ್4 (ಭಾರತ್ ಸ್ಟೇಜ್ 4 ಅನ್ನುವ ಹೊಗೆ ನಿಯಮದ) ಕಾರು. ಅಂಥ ಡೀಸೆಲ್ ಕಾರು ಕಿಲೋಮೀಟರಿಗೆ 0.25 ಗ್ರಾಂ ಒಳಗೆ ನೈಟ್ರೋಜನ್ ಆಕ್ಸೈಡ್ ಬಿಡಬೇಕು ಅಂತ ನಿಯಮ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6ರಲ್ಲಿ ಅದು 0.08ಕ್ಕೆ ಇಳಿಯಿತು. ತಗಡು ಹಾಕಿದ ಮೇಲೆ ಆ ಲೆಕ್ಕಕ್ಕೆ ಬೆಲೆಯೇ ಇಲ್ಲ. ಕಣ್ಣಿಗೆ ಕಾಣದ ಈ ಗಾಳಿ ಬಿಸಿಲಿಗೆ ಓಝೋನ್ ಹುಟ್ಟಲು ಕಾರಣವಾಗುತ್ತದೆ, ಉಬ್ಬಸ ಇರುವವರಿಗೆ ಉಸಿರು ಕಟ್ಟಿಸುತ್ತದೆ. ಶಾಲೆ ಗೇಟಿನ ಮುಂದೆ ಎಂಜಿನ್ ಆನ್ ಇಟ್ಟು ಮಗಳಿಗೆ ಕಾಯುತ್ತೀರಿ ಅಲ್ವಾ? ಅಲ್ಲಿರುವ ಎಲ್ಲ ಮಕ್ಕಳೂ ಅದನ್ನೇ ಕುಡಿಯುತ್ತಾರೆ. ತಯಾರಕರು ಕೊಟ್ಟದ್ದನ್ನು ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೂ ವಿರುದ್ಧ. ನನ್ನ ಗ್ಯಾರೇಜಿನಲ್ಲಿ ಇದನ್ನು ಮಾಡಿಕೊಡುವುದಿಲ್ಲ. ಗಿರಾಕಿ ಬೇಜಾರು ಮಾಡಿಕೊಂಡು ಹೋದರೂ ಸರಿ.

ಹಾಗಾದರೆ ಏನು ಮಾಡಿಸಬೇಕು? ವಾಲ್ವ್ ಬಿಚ್ಚಿಸಿ ಕ್ಲೀನ್ ಮಾಡಿಸಿ. ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಬ್ರಷ್ ಸಾಕು. ಅವಸರ ಬೇಡ, ಗಟ್ಟಿ ಮಸಿ ನೆನೆದು ಮೆತ್ತಗಾಗಬೇಕು. ಕರೆಂಟ್ ಮೋಟಾರ್ ಇರುವ ಭಾಗವನ್ನು ಯಾವ ಕಾರಣಕ್ಕೂ ಮುಳುಗಿಸಬಾರದು. ವಾಲ್ವ್ ಕೂರುವ ಜಾಗ ಮತ್ತು ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಬಾಯಿಯನ್ನೂ ನೋಡಿಸಿ, ಮಸಿ ಅಲ್ಲೂ ಕೂತಿರುತ್ತದೆ. ಗ್ಯಾಸ್ಕೆಟ್ ಹೊಸದೇ ಹಾಕಿಸಿ. ಜೋಡಿಸಿದ ಮೇಲೆ ಸ್ಕ್ಯಾನರಿನಲ್ಲಿ ವಾಲ್ವ್‌ನ ಲರ್ನಿಂಗ್ ಮಾಡಿಸುವುದನ್ನು ಮರೆಯಬೇಡಿ. ಕೆಲವು ಎಂಜಿನ್ನುಗಳಲ್ಲಿ ಅದಿಲ್ಲದೆ ಕಂಪ್ಯೂಟರಿಗೆ ವಾಲ್ವ್ ಎಲ್ಲಿ ಮುಚ್ಚುತ್ತದೆ ಅಂತ ಗೊತ್ತಾಗದೆ ಮತ್ತೆ ದೀಪ ಬರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಪೈಪಿನೊಳಗೆ ಸ್ಪ್ರೇ ಹೊಡೆಯುತ್ತೇನೆ ಅಂದವರಿಗೆ ಬೇಡ ಅನ್ನಿ. ಆ ಸ್ಪ್ರೇಯೇ ಒಳಗೆ ಇಂಧನವಾಗಿ ಉರಿದು ಡೀಸೆಲ್ ಎಂಜಿನ್ ಕೈಮೀರಿ ಓಡಬಹುದು.

ಕ್ಲೀನ್ ಮಾಡಿದರೂ ವಾಲ್ವ್ ಸಲೀಸಾಗಿ ಆಡದಿದ್ದರೆ ಮಾತ್ರ ಹೊಸದು. ಆಮೇಲೆ ವಾರಕ್ಕೊಮ್ಮೆಯಾದರೂ ಅರಸೀಕೆರೆವರೆಗೆ ಹೈವೇಯಲ್ಲಿ ಓಡಿಸಿ ಬನ್ನಿ, ಎಂಜಿನ್ ಬಿಸಿಯಾಗಲಿ.

ಪ್ರಶ್ನೆ: ನನ್ನದು ಪೆಟ್ರೋಲ್ ಕಾರು. ಟ್ಯಾಂಕ್ ಫುಲ್ ಮಾಡಿಸಿ ಬಂಕಿನಿಂದ ಹೊರಡುವಾಗ ಸ್ಟಾರ್ಟ್ ಆಗಲು ಒದ್ದಾಡುತ್ತದೆ, ಸ್ವಲ್ಪ ಹೊತ್ತು ನಡುಗುತ್ತದೆ, ಆಮೇಲೆ ಸರಿಹೋಗುತ್ತದೆ. ಪೆಟ್ರೋಲ್ ಕಲಬೆರಕೆಯೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಎಲ್ಲ ಬಂಕಿನಲ್ಲೂ ಹೀಗೇ ಆದರೆ ಕಲಬೆರಕೆ ಅಲ್ಲ. ಪರ್ಜ್ ವಾಲ್ವ್ ನೋಡಿಸಿ. ಟ್ಯಾಂಕಿನ ಪೆಟ್ರೋಲ್ ಆವಿ ಹೊರಗೆ ಹೋಗದಂತೆ ಒಂದು ಇದ್ದಿಲ ಡಬ್ಬಿ ಅದನ್ನು ಹಿಡಿದಿಡುತ್ತದೆ. ಬೇಕಾದಾಗ ಈ ವಾಲ್ವ್ ತೆರೆದು ಆವಿಯನ್ನು ಎಂಜಿನ್ನಿಗೆ ಬಿಡುತ್ತದೆ. ಅದು ತೆರೆದೇ ಉಳಿದರೆ ಫುಲ್ ಮಾಡಿಸಿದಾಗ ಎದ್ದ ಆವಿಯೆಲ್ಲ ಒಮ್ಮೆಗೇ ಒಳಗೆ ನುಗ್ಗುತ್ತದೆ. ಪರೀಕ್ಷೆ ಸುಲಭ. ವಾಲ್ವ್ ಬಿಚ್ಚಿ, ಕರೆಂಟ್ ಕನೆಕ್ಷನ್ ಇಲ್ಲದೆ ಒಂದು ಕಡೆಯಿಂದ ಗಾಳಿ ಬಿಡಿಸಿ, ಬಾಯಿಂದ ಊದುವುದು ಬೇಡ. ಗಾಳಿ ಆಚೆಗೆ ದಾಟಿದರೆ ವಾಲ್ವ್ ಕೆಟ್ಟಿದೆ, ಬದಲಾಯಿಸಿ. ಇನ್ನು ಮುಂದೆ ಬಂಕಿನಲ್ಲಿ ಪಂಪು ತಾನಾಗಿ ಕಟ್ ಆದ ಮೇಲೆ ‘ರೌಂಡ್ ಫಿಗರ್ ಮಾಡಿ’ ಅಂತ ತುಂಬಿಸಬೇಡಿ. ಹೆಚ್ಚಾದ ಪೆಟ್ರೋಲ್ ಆ ಇದ್ದಿಲ ಡಬ್ಬಿಗೆ ಇಳಿದು ಅದನ್ನೂ ಹಾಳುಮಾಡುತ್ತದೆ.